ಒಡವೆ ಮತ್ತು ತೊಡಿಗೆ

ಆಭರಣಕ್ಕೆ ಕನ್ನಡದಲ್ಲಿ ಎರಡು ಹಳೆಯ ಹೆಸರುಗಳಿವೆ. ಒಂದು ತೊಡಿಗೆ, ಇನ್ನೊಂದು ಒಡವೆ. ತೊಡುವುದು ತೊಡಿಗೆ, ಇದರಲ್ಲಿ ವಿವರಿಸಬೇಕಾದುದೇನೂ ಇಲ್ಲ. ಒಡವೆಯ ಸಂಗತಿ ಬೇರೆ. ಒಡೆಯ, ಒಡೆತನ ಎಂಬ ಮಾತುಗಳ ಬಳಗಕ್ಕೆ ಸೇರಿದ ಈ ಶಬ್ದಕ್ಕೆ ಹಿಂದೆ ಸ್ವತ್ತು, ತನ್ನದಾದ ವಸ್ತು ಎಂಬ ಅರ್ಥವಿತ್ತು. ಹೆಣ್ಣಿನ ಪಾಲಿಗೆ ತನ್ನದೆಂದು ಹೇಳಿಕೊಳ್ಳಲು ಮೈಮೇಲಿನ ಬಂಗಾರವಲ್ಲದೆ ಬೇರಾವ ಸ್ವತ್ತೂ ಇಲ್ಲದಿದ್ದ ಕಾಲದಲ್ಲಿ ಆ ವಿಶಾಲವಾದ ಅರ್ಥವು ಸಂಕೋಚಗೊಂಡು ಆಭರಣದಲ್ಲಿಯೇ ಬಂದು ನಿಂತಿತೆಂದು ಊಹಿಸಿದರೆ ತಪ್ಪಾಗಲಾರದು.

ಈ ಎರಡು ಹೆಸರುಗಳು ಒಂದೇ ವಸ್ತುವಿಗೆ ಒಪ್ಪುವ ಸಂದರ್ಭ ಈಗ ಕಡಮೆಯಾಗುತ್ತಿದೆ. ಸಾಗರದ ಬಸ್ ನಿಲ್ದಾಣದಲ್ಲಿ ಬೆಳಗಿನ ಎಂಟೂವರೆಯ ಸುಮಾರಿಗೆ ನಿಂತು ನೋಡಿದರೆ ಇದು ಕಣ್ಣಿಗೆ ಬೀಳುತ್ತದೆ. ಹೊಸನಗರದ ಕಡೆಗೆ ಹೊರಟ ಶಾಲಾ ಉಪಾಧ್ಯಾಯಿನಿಯರು, ಬ್ಯಾಂಕಿನ ಗುಮಾಸ್ತೆಯರು, ತಾಲ್ಲೂಕು ಕಛೇರಿಯ ನೌಕರರು, ಆಸ್ಪತ್ರೆಯ ದಾದಿಯರು. ಇವರಲ್ಲಿ ಅನೇಕರ ಕೊರಳಲ್ಲಿ ಎಳೆಯೊಂದು ಕರಿಮಣಿ, ಕಿವಿಯಲ್ಲಿ ಕಾಳಿನಷ್ಟು ಓಲೆ, ಅಷ್ಟೆ. ತಾಯಿ ಕೊಟ್ಟ ಅಡ್ಡಿಕೆ, ಅತ್ತೆ ಕೊಟ್ಟ ಅವಲಕ್ಕಿ ಸರ, ಅಜ್ಜಿಯ ಬುಗುಡಿ ಇವೆಲ್ಲ ಬ್ಯಾಂಕಿನ ಪೆಟ್ಟಿಗೆಯ ಕತ್ತಲೆಯಲ್ಲಿವೆ. ಒಡವೆ ಅಲ್ಲಿ, ತೊಡಿಗೆ ಇಲ್ಲಿ. ನಡುವೆ ಒಂದು ಪ್ರಶ್ನೆ ಮನೆಮನೆಯಲ್ಲಿ ಏಳುತ್ತದೆ: ಹಾಕಿಕೊಳ್ಳದ ಬಂಗಾರವನ್ನು ಕರಗಿಸಿ ಕಛೇರಿಗೆ ಒಪ್ಪುವ ಹೊಸ ನಮೂನೆಯ ಹಗುರ ಒಡವೆಗಳನ್ನೇಕೆ ಮಾಡಿಸಬಾರದು?

ಉತ್ತರ ಹೇಳುವ ಮೊದಲು ಮಲೆನಾಡಿನ ಹಳೆಯ ರೂಢಿಯನ್ನು ಸ್ವಲ್ಪ ನೋಡಬೇಕು.

ದುಡಿಯುವ ಕೈಯ ಬಂಗಾರ

ದುಡಿಯುವ ಹೆಂಗಸು ಎಂದರೆ ಕಛೇರಿಗೆ ಹೋಗುವವಳು ಎಂಬ ಭಾವನೆ ಈಚಿನದು. ಕೊಯಿಲಿನ ದಿನಗಳಲ್ಲಿ ರಾತ್ರಿಯ ತನಕ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದವರು, ಬೇಯಿಸುವ ಹಂಡೆಯ ಉರಿಗೆ ಮುಖವೊಡ್ಡಿದವರು, ಕೊಟ್ಟಿಗೆ ಬಳಿದವರು ದುಡಿಯದವರೇನಲ್ಲ. ಅವರ ಮೈಮೇಲೆಯೂ ಬಂಗಾರವಿತ್ತು. ಆದರೆ ಯಾವುದು? ಕರಿಮಣಿ, ಕಿವಿಗೆ ಓಲೆ, ಮೂಗುಬೊಟ್ಟು, ಗಾಜಿನ ಬಳೆಗಳೊಡನೆ ಅನುಕೂಲವಿದ್ದವರಿಗೆ ಒಂದು ಜೊತೆ ಚಿನ್ನದ ಬಳೆ. ಕತ್ತಿಗೆ ತಗಲದ, ಕೆಲಸಕ್ಕೆ ತೊಡಕಾಗದ, ಸ್ನಾನಕ್ಕೆ ತೆಗೆಯಬೇಕಾಗಿಲ್ಲದ ಒಡವೆಗಳು ಇವು. ಡಾಬು, ವಂಕಿ, ಜಡೆಬಿಲ್ಲೆ, ರಾಗಟೆಗಳು ಮದುವೆಮನೆಗೆ ಮೀಸಲು. ನಡುವಣ ಮೆಟ್ಟಿಲೊಂದಿತ್ತು: ಹಬ್ಬಕ್ಕೆ, ನಂಟರ ಮನೆಗೆ, ದೇವಸ್ಥಾನಕ್ಕೆ ಹೋಗುವಾಗ ಹವಳದ ಸರವೋ ಗುಂಡಿನ ಸರವೋ ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು.

ಹೀಗೆ ದಿನದ್ದು, ಬಿಡುವಿನದು, ಮದುವೆಯದು ಎಂಬ ಮೂರು ಅಂತಸ್ತುಗಳು ಮೊದಲಿನಿಂದಲೂ ಇದ್ದವು. ಈಗ ಕಳಚಿಹೋಗಿರುವುದು ನಡುವಿನ ಅಂತಸ್ತು. ವಾರದ ಆರು ದಿನ ತೆಳ್ಳನೆಯ ಸರಪಣಿ; ವರ್ಷಕ್ಕೆರಡು ಮದುವೆಗಳಲ್ಲಿ ಪೆಟ್ಟಿಗೆಯಲ್ಲಿರುವುದೆಲ್ಲವೂ ಒಟ್ಟಿಗೆ ಮೈಮೇಲೆ. ನಡುವೆ ಏನೂ ಇಲ್ಲ. ಇಕ್ಕೇರಿಯ ಅಘೋರೇಶ್ವರನನ್ನು ನೋಡಲು ಹೋಗುವ ಭಾನುವಾರಕ್ಕೆ, ವರದಹಳ್ಳಿಯ ಗುಡ್ಡ ಹತ್ತುವ ಬೆಳಗಿಗೆ, ಹೆಗ್ಗೋಡಿನ ನೀನಾಸಮ್‌ನಲ್ಲಿ ನಾಟಕ ನೋಡುವ ಸಂಜೆಗೆ ಏನು ಒಪ್ಪುತ್ತದೆಂಬುದು ಮರೆತಂತಾಗಿದೆ.

ಮೇಜಿನ ಮುಂದೆ ಏನು ಸಲ್ಲುತ್ತದೆ

ಕಛೇರಿಯ ಒಡವೆಗೆ ಕಷ್ಟಕೊಡುವ ವಸ್ತುಗಳು ಮೂರು: ಮೇಜಿನ ಅಂಚು, ಬೆವರು, ಸ್ಕೂಟರಿನವರಿಗೆ ಶಿರಸ್ತ್ರಾಣ.

ಕೈಯಿಂದಲೇ ಆರಂಭಿಸಬಹುದು. ಗಣಕಯಂತ್ರದ ಕೀಲಿಮಣೆಯ ಮುಂದೆ ದಿನವಿಡೀ ಕೂರುವವರ ಮುಂಗೈ ಮೇಜಿನ ಮೇಲೆ ಒರಗಿಯೇ ಇರುತ್ತದೆ. ಒಳಗೆ ಟೊಳ್ಳಾದ ಬಳೆ ಎಷ್ಟೇ ಅಗಲವಾಗಿ ಕಂಡರೂ ಆ ಅಂಚಿಗೆ ತಗುಲಿ ತಗುಲಿ ನೆಗ್ಗುತ್ತದೆ. ನೆಗ್ಗಿದುದನ್ನು ಸರಿಪಡಿಸುವುದು ಸುಲಭವಲ್ಲ. ಅದೇ ತೂಕದಲ್ಲಿ ಸಣ್ಣದಾದ ಗಟ್ಟಿ ಬಳೆಯೊಂದು ಇಡೀ ಆಯುಷ್ಯಕ್ಕೆ ಬರುತ್ತದೆ. ಗಡಿಯಾರವನ್ನು ಒಂದು ಕೈಗೆ, ಬಳೆಯನ್ನು ಇನ್ನೊಂದಕ್ಕೆ ಇಟ್ಟುಕೊಳ್ಳುವುದು ಮೇಲು. ಉಕ್ಕಿನ ಪಟ್ಟಿಯು ಬಂಗಾರಕ್ಕಿಂತ ಬಹಳ ಕಠಿಣವಾದುದರಿಂದ ಎರಡೂ ಒಂದೇ ಮಣಿಕಟ್ಟಿನಲ್ಲಿದ್ದರೆ ಸವೆಯುವುದು ಬಂಗಾರವೇ. ನಾಲ್ಕು ಚಿನ್ನದ ಬಳೆಗಳ ಝಣತ್ಕಾರ ಮನೆಯಲ್ಲಿ ಮಂಗಳಕರವಿರಬಹುದು; ಲೆಕ್ಕ ಕೂಡುತ್ತಿರುವ ಪಕ್ಕದ ಮೇಜಿನವರಿಗೆ ಹಾಗೆ ತೋರಲಿಕ್ಕಿಲ್ಲ.

ಉಂಗುರವನ್ನು ಕುರಿತು ಒಂದು ಎಚ್ಚರಿಕೆ. ಮೇಲಕ್ಕೆ ಎದ್ದ ಕಲ್ಲಿನ ಉಂಗುರ ಸೀರೆಯ ಎಳೆಗೆ, ಉಣ್ಣೆಗೆ, ಕಡತದ ದಾರಕ್ಕೆ ಸಿಕ್ಕಿಕೊಳ್ಳುತ್ತದೆ. ಕಪ್ಪುಹಲಗೆಯ ಮುಂದೆ ನಿಲ್ಲುವ ಉಪಾಧ್ಯಾಯಿನಿಯ ಉಂಗುರದ ಸಂದಿಯಲ್ಲಿ ಸೀಮೆಸುಣ್ಣ ತುಂಬಿಕೊಂಡು ಕೆಂಪುಕಲ್ಲು ಬಿಳಿಚಿಕೊಳ್ಳುತ್ತದೆ. ಅವರಿಗೆ ನುಣುಪಾದ ಸರಳ ಉಂಗುರವೇ ತಕ್ಕುದು. ವಿಜ್ಞಾನದ ಪ್ರಯೋಗಶಾಲೆಯಲ್ಲಿರುವವರು, ಹಳೆಯ ಪಾದರಸದ ಉಷ್ಣಮಾಪಕ ಬಳಸುವವರು ಉಂಗುರ ತೆಗೆದಿಟ್ಟೇ ಕೆಲಸಕ್ಕೆ ತೊಡಗುವುದು ಲೇಸು. ಪಾದರಸ ಸೋಂಕಿದ ಚಿನ್ನ ಬೆಳ್ಳಗಾಗಿ ಪೆಡಸಾಗುತ್ತದೆ.

ಕಿವಿಗೆ ಬೆಂಡೋಲೆಯನ್ನು ಮೀರಿಸಿದ ನಿತ್ಯಾಭರಣ ಇನ್ನೂ ಹುಟ್ಟಿಲ್ಲವೆಂದು ಹೇಳಬಹುದು. ನಡುವೆ ಒಂದು ಕಲ್ಲು, ಸುತ್ತ ಆರು, ಹಿಂದೆ ತಿರುಪು. ಅದು ತೂಗುವುದಿಲ್ಲ, ಸದ್ದು ಮಾಡುವುದಿಲ್ಲ, ಶಿರಸ್ತ್ರಾಣಕ್ಕೆ ಸಿಕ್ಕುವುದಿಲ್ಲ; ಆದರೂ ಮುಖಕ್ಕೆ ಬೆಳಕು ಕೊಡುತ್ತದೆ. ಸ್ಕೂಟರಿನ ಮೇಲೆ ಹೋಗುವ ತರುಣಿಯರು ಝುಮುಕಿಯನ್ನು ಕೈಚೀಲದಲ್ಲಿಟ್ಟುಕೊಂಡು ಹೋಗಿ ಕಛೇರಿಯಲ್ಲಿ ತೊಡುವುದುಂಟು. ಕಳೆದುಕೊಳ್ಳುವುದಕ್ಕೆ ಇದಕ್ಕಿಂತ ಸುಲಭವಾದ ಉಪಾಯ ಇನ್ನೊಂದಿಲ್ಲ. ಭಾರದ ಝುಮುಕಿಯಿಂದ ಕಿವಿಯ ತೂತು ಇಳಿಬೀಳುತ್ತದೆಂಬುದನ್ನು ಹಿಂದಿನವರು ಅರಿತಿದ್ದರು. ಆದ್ದರಿಂದಲೇ ಓಲೆಯ ಭಾರವನ್ನು ಕೂದಲಿಗೆ ಹಂಚುವ ಮಾಟಿಯನ್ನು ಕಲ್ಪಿಸಿದರು. ನೋಡುವವರಿಗೆ ಅಲಂಕಾರ, ತೊಟ್ಟವಳಿಗೆ ಆಧಾರ.

ಬೆಂಡೋಲೆಗೂ ಒಂದು ಮಿತಿಯುಂಟು. ಕಲ್ಲಿನ ಹಿಂದೆ ತಗಡು ಹಾಸಿ ಮುಚ್ಚಿ ಕೂರಿಸಿದ ಹಳೆಯ ಕೆಲಸಕ್ಕೆ ನೀರು ಸೇರಿದರೆ ಕಲ್ಲು ಮಂಕಾಗುತ್ತದೆ. ಸಾಗರದ ಮಳೆಗಾಲದಲ್ಲಿ ಮೂರು ತಿಂಗಳು ಅದನ್ನು ವಿಶ್ರಾಂತಿಗೆ ಬಿಡುವುದೇ ಸರಿ. ಆಗ ಕಲ್ಲಿಲ್ಲದ ಅಪ್ಪಟ ಚಿನ್ನದ ಸಣ್ಣ ಗುಂಡೋಲೆ ಸಾಕು. ಅದಕ್ಕೆ ಮಳೆಯೂ ಸರಿ, ಬಿಸಿಲೂ ಸರಿ.

ಕೊರಳಿನ ವಿಷಯ ಸೂಕ್ಷ್ಮವಾದುದು. ಉದ್ದದ ಎರಡೆಳೆ ಕರಿಮಣಿಯ ಬದಲು ಕಾಲರೆಲುಬಿನ ಬಳಿ ನಿಲ್ಲುವ ಹದಿನೆಂಟು ಅಂಗುಲದ ಒಂದೆಳೆ ಈಗಿನ ರೂಢಿ. ಹಿರಿಯರಿಗೆ ಇದು ಸರಿಬಾರದು; ಆದರೆ ಬಗ್ಗಿ ಬರೆಯುವಾಗ ಕಡತಕ್ಕೆ ಸಿಕ್ಕದ, ಬಸ್ಸಿನ ನೂಕುನುಗ್ಗಲಿನಲ್ಲಿ ಯಾರ ಚೀಲಕ್ಕೂ ತೊಡರದ ಗುಣ ಅದಕ್ಕುಂಟು. ಸಲ್ವಾರ್ ಕಮೀಜಿಗೆ ಇದೇ ಒಪ್ಪುತ್ತದೆ. ಸೀರೆಗೆ ಮಾತ್ರ ತುಸು ಉದ್ದ ಬೇಕು. ಗಿಡ್ಡ ಸರ ಸೆರಗಿನ ಮಡಿಕೆಯ ಮೇಲೆ ತಬ್ಬಿಬ್ಬಾಗಿ ನಿಲ್ಲುತ್ತದೆ. ಕರಿಮಣಿಯೂ ಬೇರೊಂದು ಸರಪಣಿಯೂ ಸಮ ಉದ್ದದಲ್ಲಿದ್ದರೆ ಒಂದಕ್ಕೊಂದು ಹೆಣೆದುಕೊಂಡು ಎರಡೂ ಸವೆಯುತ್ತವೆ. ನಾಲ್ಕು ಬೆರಳಿನ ಅಂತರವಾದರೂ ಇರಬೇಕು, ಇಲ್ಲವೆ ಒಂದೇ ಇರಬೇಕು.

ಗಂಡಸರ ಕೊರಳ ಸರಪಣಿಯನ್ನು ಕುರಿತು ಇಲ್ಲಿ ಚರ್ಚಿಸುವ ಅಗತ್ಯ ಕಾಣುವುದಿಲ್ಲ. ಅದು ತನ್ನ ಪ್ರಚಾರವನ್ನು ತಾನೇ ಮಾಡಿಕೊಳ್ಳುತ್ತದೆ.

ಭಾನುವಾರದ ಸರ

ಬಿಡುವಿನ ದಿನ ಎಂದರೆ ಬರಿಗೊರಳಿನಲ್ಲಿರುವುದು ಎಂದು ಕೆಲವರು, ಹೆಚ್ಚು ಹೇರಿಕೊಳ್ಳುವುದು ಎಂದು ಕೆಲವರು ತಿಳಿದಿದ್ದಾರೆ. ಹಳೆಯದರಲ್ಲಿ ಒಂದನ್ನು ಮಾತ್ರ ಆರಿಸಿ, ಉಳಿದುದನ್ನು ದಿನದಂತೆಯೇ ಬಿಡುವುದು ಇವೆರಡಕ್ಕಿಂತ ಚೆನ್ನ. ಅವಲಕ್ಕಿ ಸರ ತೊಟ್ಟ ದಿನ ಕಿವಿಗೆ ಗುಂಡೋಲೆ ಸಾಕು. ಅಜ್ಜಿಯ ಝುಮುಕಿಯನ್ನು ತೊಟ್ಟರೆ ಕೊರಳಿಗೆ ಕರಿಮಣಿಯಲ್ಲದೆ ಇನ್ನೇನೂ ಬೇಡ. ಹೀಗೆ ಬಳಸಿದರೆ ಪೆಟ್ಟಿಗೆಯಲ್ಲಿರುವ ಐದಾರು ಒಡವೆಗಳು ಸರದಿಯ ಮೇಲೆ ಬೆಳಕು ಕಂಡಂತಾಗುತ್ತದೆ.

ಉಡುವ ಬಟ್ಟೆಯೂ ಇಲ್ಲಿ ಸಹಾಯಕ್ಕೆ ಬರುತ್ತದೆ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ಬೆಳೆದ ಚರಕ ಮಹಿಳಾ ಸಹಕಾರ ಸಂಘದ ಕೈಮಗ್ಗದ ಹತ್ತಿಬಟ್ಟೆಗಳನ್ನು ಈ ಸೀಮೆಯ ವಿದ್ಯಾವಂತ ಕುಟುಂಬಗಳು ಬಲ್ಲವು. ಅಡಿಕೆ ಬೇಯಿಸಿದ ಚೊಗರಿನಿಂದ ಬರುವ ಕೆಂಗಂದು ಬಣ್ಣವು ಇಪ್ಪತ್ತೆರಡು ಕ್ಯಾರೆಟ್ ಚಿನ್ನದ ಹಳದಿಗೆ ಹೇಳಿ ಮಾಡಿಸಿದ ಜೋಡಿ. ಅಡಿಕೆ ಮಾರಿದ ಹಣದಿಂದ ಕೊಂಡ ಬಂಗಾರ, ಅಡಿಕೆಯದೇ ಬಣ್ಣದ ಬಟ್ಟೆಯ ಮೇಲೆ! ಮಿನುಗುವ ಜರತಾರಿಯ ಮೇಲೆ ಕಳೆದುಹೋಗುವ ಹಳೆಯ ಗುಂಡಿನ ಸರ ಇಂಥ ಒರಟು ಹತ್ತಿಯ ಮೇಲೆ ಎದ್ದು ಕಾಣುತ್ತದೆ. ಹವಳಕ್ಕೆ ಬಿಳಿಯ ಅಥವಾ ನೀಲಿಯ ನೆಲೆ ಬೇಕು. ಕೆಂಪು ಸೀರೆಯ ಮೇಲೆ ಅದನ್ನು ತೊಡುವುದು ವ್ಯರ್ಥ.

ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯ ಜನಸಂದಣಿಗೆ ಮಾತ್ರ ಈ ಯಾವ ಸಲಹೆಯೂ ಅನ್ವಯಿಸದು. ಅಲ್ಲಿಗೆ ಹಾಕಿಕೊಂಡು ಹೋಗದಿರುವುದೇ ಒಳ್ಳೆಯ ಅಲಂಕಾರ.

ಕರಗಿಸುವ ಮೊದಲು

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ೨೦೨೫ರ ಏಪ್ರಿಲಿನಲ್ಲಿ ಹತ್ತು ಗ್ರಾಂ ಅಪರಂಜಿಯ ಬೆಲೆ ಲಕ್ಷ ರೂಪಾಯಿ ಮುಟ್ಟಿದ ಮೇಲೆ ಹೊಸ ಬಂಗಾರ ಕೊಳ್ಳುವುದು ಸಂಬಳದ ಕುಟುಂಬಕ್ಕೆ ಸುಲಭವಾಗಿಲ್ಲ. ಹಳೆಯದನ್ನು ಹಾಕಿ ಹೊಸದನ್ನು ತರುವ ಆಸೆ ಸಹಜವೇ. ಆದರೆ ಲೆಕ್ಕವನ್ನು ನೋಡಬೇಕು.

ನಲವತ್ತು ಗ್ರಾಮಿನ ಹಳೆಯ ಸರವೊಂದಿದೆ ಎನ್ನೋಣ. ಒರೆಗೆ ಹಚ್ಚಿದಾಗ ಅದು ಇಪ್ಪತ್ತು ಕ್ಯಾರೆಟ್ ಎಂದು ತಿಳಿಯಿತು. ಅದರಲ್ಲಿರುವ ಶುದ್ಧ ಚಿನ್ನ ೩೩.೩ ಗ್ರಾಂ; ಇಪ್ಪತ್ತೆರಡು ಕ್ಯಾರೆಟಿಗೆ ಪರಿವರ್ತಿಸಿದರೆ ಸುಮಾರು ೩೬.೪ ಗ್ರಾಂ. ತಕ್ಕಡಿಯ ಬಳಿಯೇ ಮೂರೂವರೆ ಗ್ರಾಂ ಹೋಯಿತು. ಗುಂಡುಗಳೊಳಗೆ ಅರಗು ತುಂಬಿದ್ದರೆ ಅದರ ತೂಕ ಬೇರೆ ಕಳೆಯಬೇಕು. ಆಮೇಲೆ ಹೊಸದರ ಮಜೂರಿ, ತೇಮಾನು, ಶೇಕಡಾ ಮೂರರ ತೆರಿಗೆ. ಹಳೆಯ ಸರವನ್ನು ಮಾಡಿದ ಅಕ್ಕಸಾಲಿಗನ ಮಜೂರಿಗೆ ಯಾವ ಅಂಗಡಿಯೂ ಕಾಸು ಕಟ್ಟುವುದಿಲ್ಲ. ಐದು ವರ್ಷಗಳ ಮೇಲೆ ನಮೂನೆ ಬೇಸರವಾಯಿತೆಂದು ಮತ್ತೆ ಕರಗಿಸಿದರೆ ಅದೇ ಕಥೆ ಮತ್ತೊಮ್ಮೆ ನಡೆಯುತ್ತದೆ.

ತೂಕದಲ್ಲಿ ಹಿಡಿಯಲಾಗದ ನಷ್ಟವೂ ಒಂದಿದೆ. ಸಾಗರಕ್ಕೆ ಮಗ್ಗುಲಲ್ಲೇ ಇರುವ ಇಕ್ಕೇರಿಯ ಹೆಸರು ಕೆಳದಿ ನಾಯಕರ ಕಾಲದಲ್ಲಿ ದೂರದೂರಕ್ಕೆ ಹರಡಿದ್ದುದು ಅದರ ಚಿನ್ನದ ನಾಣ್ಯದಿಂದ. ಇಕ್ಕೇರಿ ವರಹ ಸುಮಾರು ೩.೪ ಗ್ರಾಂ ತೂಗುವ ಪುಟ್ಟ ಬಿಲ್ಲೆ. ಒಂದು ಮುಖದಲ್ಲಿ ಕುಳಿತಿರುವ ಶಿವಪಾರ್ವತಿಯರು, ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ಸದಾಶಿವನ ಹೆಸರು. ೧೭೬೩ರಲ್ಲಿ ಹೈದರಾಲಿ ಬಿದನೂರನ್ನು, ಎಂದರೆ ಹೊಸನಗರ ತಾಲ್ಲೂಕಿನ ಇಂದಿನ ನಗರವನ್ನು ಗೆದ್ದಾಗ ತನ್ನ ಬಹಾದೂರಿ ಹೊನ್ನಿನ ಮೇಲೆಯೂ ಆ ಶಿವಪಾರ್ವತಿಯರನ್ನು ಉಳಿಸಿಕೊಂಡನು. ಪೇಟೆಯ ಜನ ನಂಬಿದ್ದ ಮುದ್ರೆಯನ್ನು ಅಳಿಸುವಷ್ಟು ಅವಿವೇಕಿ ಅವನಲ್ಲ. ಇಂಥ ವರಹಗಳಿಗೆ ಕೊಂಡಿ ಬೆಸೆದು ಸರಕ್ಕೆ ಪೋಣಿಸುವುದು ಹಿಂದಿನ ಪದ್ಧತಿ. ಪೆಟ್ಟಿಗೆಯಲ್ಲಿ ಅಂಥದೊಂದು ಸವೆದ ಬಿಲ್ಲೆಯಿದ್ದರೆ, ಮೂಸೆಗೆ ಬಿದ್ದ ಮರುಗಳಿಗೆಯಲ್ಲಿ ಅದು ಮೂರೂ ಚಿಲ್ಲರೆ ಗ್ರಾಂ ಚಿನ್ನವಾಗಿ ಉಳಿಯುತ್ತದೆಯೇ ಹೊರತು ಮತ್ತೇನೂ ಆಗಿರುವುದಿಲ್ಲ.

ಕರಗಿಸದೆಯೇ ಕಛೇರಿಗೆ ಒಗ್ಗಿಸುವ ದಾರಿಗಳಿವೆ. ಒಂಟಿ ಬುಗುಡಿಗೆ ಹಿಂಬದಿಯಲ್ಲಿ ಸಣ್ಣ ಕೊಂಡಿ ಕೂಡಿಸಿದರೆ ಪದಕವಾಗುತ್ತದೆ. ಜಡೆಬಿಲ್ಲೆ ಸೆರಗಿನ ಪಿನ್ನಾಗಬಲ್ಲದು. ಅಡ್ಡಿಕೆಯ ನಡುವಣ ಪದಕವನ್ನು ತೆಗೆದು ಹಾಕಲು ಬರುವಂತೆ ಕೊಕ್ಕೆಯಲ್ಲಿ ನಿಲ್ಲಿಸಿದರೆ ಅದೊಂದನ್ನೇ ತೆಳ್ಳನೆಯ ಸರಪಣಿಗೆ ತೂಗಬಹುದು. ಮದುವೆಯ ದಿನ ಮರಳಿ ತನ್ನ ಸ್ಥಾನಕ್ಕೆ ಹೋಗುತ್ತದೆ. ಇಷ್ಟು ಕೆಲಸಕ್ಕೆ ನಗರದ ಗಾಜಿನ ಮಳಿಗೆ ಬೇಕಿಲ್ಲ. ಊದುಗೊಳವೆಯ ಮುಂದೆ ಕುಳಿತ ಊರಿನ ದೈವಜ್ಞ ಅಕ್ಕಸಾಲಿಗನೋ ವಿಶ್ವಕರ್ಮನೋ ಬೇಕು. ಅಂಥವರು ಸಾಗರ ಸೀಮೆಯಲ್ಲಿ ಇನ್ನೂ ಇದ್ದಾರೆ.

ಹೊಸದನ್ನೇ ಕೊಳ್ಳುವವರಿಗೆ ಹದಿನೆಂಟು, ಹದಿನಾಲ್ಕು ಕ್ಯಾರೆಟಿನ ಹಗುರ ಒಡವೆಗಳು ಈಗ ಯಥೇಚ್ಛವಾಗಿ ದೊರೆಯುತ್ತವೆ. ಇದರಲ್ಲಿ ಚರಿತ್ರೆಯ ಒಂದು ವಿನೋದವಿದೆ. ೧೯೬೩ರ ಜನವರಿಯಲ್ಲಿ ಅರ್ಥಸಚಿವ ಮೊರಾರ್ಜಿ ದೇಸಾಯಿಯವರು ಹದಿನಾಲ್ಕು ಕ್ಯಾರೆಟಿಗಿಂತ ಶುದ್ಧವಾದ ಹೊಸ ಒಡವೆ ಮಾಡಬಾರದೆಂದು ಕಟ್ಟಳೆ ತಂದಾಗ ದೇಶದ ಹೆಂಗಸರು ಒಪ್ಪಲಿಲ್ಲ. ಅಕ್ಕಸಾಲಿಗರ ಒಲೆಗಳು ಆರಿ, ಎಷ್ಟೋ ಮನೆಗಳು ಬೀದಿಗೆ ಬಂದವು. ಕಟ್ಟಳೆ ಮುಂದೆ ಸಡಿಲಾಯಿತು; ೧೯೬೮ರ ಸುವರ್ಣ ನಿಯಂತ್ರಣ ಶಾಸನವೂ ೧೯೯೦ರಲ್ಲಿ ರದ್ದಾಯಿತು. ಅಂದು ಕಾನೂನಿನಿಂದ ಆಗದಿದ್ದುದನ್ನು ಇಂದು ಬೆಲೆ ಮಾಡಿಸುತ್ತಿದೆ. ಹದಿನಾಲ್ಕು ಕ್ಯಾರೆಟ್ ಗಡುಸು, ಕಲ್ಲನ್ನು ಬಿಗಿಯಾಗಿ ಹಿಡಿಯುತ್ತದೆ, ದಿನಬಳಕೆಯ ಉಂಗುರಕ್ಕೆ ಒಳ್ಳೆಯದು. ಆದರೆ ನೂರರಲ್ಲಿ ಚಿನ್ನ ಐವತ್ತೆಂಟೂವರೆ ಪಾಲು ಮಾತ್ರ ಎಂಬುದನ್ನು ಕೊಳ್ಳುವಾಗ ಮರೆಯಬಾರದು. ಶುದ್ಧತೆಯ ಮುದ್ರೆಯು ೨೦೨೧ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಗಿದೆ. ಇಪ್ಪತ್ತೆರಡಕ್ಕೆ ೯೧೬, ಹದಿನೆಂಟಕ್ಕೆ ೭೫೦, ಹದಿನಾಲ್ಕಕ್ಕೆ ೫೮೫ ಎಂಬ ಅಂಕಿಯೂ, ಆ ಒಡವೆಗೊಂದಕ್ಕೇ ಸಲ್ಲುವ ಆರು ಅಕ್ಷರಾಂಕಗಳ ಗುರುತೂ ಇರಬೇಕು.

ಯಾರದು?

ತೊಡಿಗೆಯ ಮಾತು ಇಷ್ಟಾಯಿತು. ಒಡವೆಯ ಮಾತು ಉಳಿದಿದೆ. ಕರಗಿಸಬೇಕೆ, ಅಡವಿಡಬೇಕೆ, ಮಗಳಿಗೆ ಕೊಡಬೇಕೆ ಎಂಬ ತೀರ್ಮಾನ ಯಾರದು? ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನದ ೧೪ನೆಯ ಪ್ರಕರಣವು ಹೆಂಗಸಿನ ವಶದಲ್ಲಿರುವ ಸ್ವತ್ತಿಗೆ, ಸ್ತ್ರೀಧನವೂ ಸೇರಿದಂತೆ, ಅವಳೇ ಪೂರ್ಣ ಒಡತಿಯೆಂದು ಸಾರಿದೆ. ಗಂಡನ ಮನೆಯವರ ಕೈಯಲ್ಲಿರುವ ಸ್ತ್ರೀಧನವು ಅವಳು ನಂಬಿ ಇಟ್ಟ ಇಡುಗಂಟು ಮಾತ್ರವೆಂದೂ, ಕೇಳಿದಾಗ ಕೊಡದಿರುವುದು ದಂಡಾರ್ಹ ವಿಶ್ವಾಸದ್ರೋಹವಾಗಬಲ್ಲದೆಂದೂ ೧೯೮೫ರಲ್ಲಿ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಒಡವೆ ಎಂಬ ಹಳೆಯ ಕನ್ನಡ ಶಬ್ದ ಹೇಳುತ್ತಿದ್ದುದೂ ಹೆಚ್ಚುಕಡಮೆ ಅದನ್ನೇ.

ಮಲೆನಾಡಿನ ಅನುಭವ ಮಾತ್ರ ಅಷ್ಟು ನೇರವಾಗಿಲ್ಲ. ಕೊಳೆರೋಗ ಬಂದು ಗೊನೆ ಉದುರಿದ ವರ್ಷ, ಎಲೆಚುಕ್ಕಿ ತಗುಲಿ ತೋಟ ಸೊರಗಿದ ವರ್ಷ, ಮೊದಲು ಮನೆಯಿಂದ ಹೊರಡುವುದು ಹೆಂಗಸಿನ ಸರ. ಒಡವೆ ಅಡವಾಗುತ್ತದೆ. ಅದರಿಂದ ಮಕ್ಕಳ ಶುಲ್ಕ ಕಟ್ಟಿದ, ಸಾಲ ತೀರಿಸಿದ ಮನೆಗಳು ಎಷ್ಟೋ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಮನೆ ತೋಟಗಳನ್ನು ನುಂಗಿದಾಗ ಹೊತ್ತುಕೊಂಡು ಹೋಗಬಲ್ಲ ಆಸ್ತಿಯೆಂದರೆ ಇದೊಂದೇ. ಇದರಲ್ಲಿ ಆಕ್ಷೇಪಿಸುವಂಥದೇನೂ ಇಲ್ಲ. ಅಡವಿಡುವ ಮುನ್ನ ಒಡತಿಯನ್ನು ಕೇಳಿದರೇ, ಬಿಡಿಸಿ ತಂದಾಗ ಅವಳ ಕೈಗೇ ಕೊಟ್ಟರೇ ಎಂಬುದಷ್ಟೇ ಮುಖ್ಯ. ತಿಂಗಳ ಸಂಬಳ ತರುವ ಉದ್ಯೋಗಸ್ಥೆಯನ್ನೂ ಕೇಳದೆ ಮುಗಿಸುವ ಸಂಪ್ರದಾಯ ಕೆಲವು ಸುಶಿಕ್ಷಿತ ಮನೆಗಳಲ್ಲಿ ಇಂದಿಗೂ ಉಳಿದಿರುವುದು ಆಶ್ಚರ್ಯವೇ ಸರಿ.

ಆದ್ದರಿಂದ ಪ್ರತಿಯೊಂದು ಒಡವೆಯ ಹೆಸರು, ತೂಕ, ಕೊಟ್ಟವರು ಯಾರು, ಯಾವ ವರ್ಷ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು, ಛಾಯಾಚಿತ್ರ ತೆಗೆಸಿಡುವುದು ಒಳ್ಳೆಯದು. ಹೊಸದರ ರಸೀದಿ ತೊಡುವವಳ ಹೆಸರಿನಲ್ಲೇ ಇರಲಿ. ಆದಾಯ ತೆರಿಗೆಯ ಶೋಧನೆಯ ಸಂದರ್ಭದಲ್ಲಿ ವಿವಾಹಿತೆಯ ೫೦೦ ಗ್ರಾಂ, ಅವಿವಾಹಿತೆಯ ೨೫೦ ಗ್ರಾಂ ತನಕದ ಆಭರಣವನ್ನು ವಶಪಡಿಸಿಕೊಳ್ಳಬಾರದೆಂದು ೧೯೯೪ರ ಸೂಚನೆಯಿದೆಯಾದರೂ, ಬರಹದ ಲೆಕ್ಕ ಇದ್ದಷ್ಟು ನೆಮ್ಮದಿ ಬೇರೊಂದಿಲ್ಲ.

ಮಳೆ ಹಿಡಿಯುವ ಮೊದಲು, ಮೇ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ದಿನಬಳಕೆಯ ಒಡವೆಗಳನ್ನೆಲ್ಲ ಹರವಿಕೊಂಡು ನೋಡುವ ಅಭ್ಯಾಸವಿಟ್ಟುಕೊಳ್ಳಬಹುದು. ಸರಪಣಿ ಮೊದಲು ಸವೆಯುವುದು ಕೊಕ್ಕೆಯ ಪಕ್ಕದ ಬಳೆಯಲ್ಲಿ ಮತ್ತು ಪದಕ ತೂಗುವ ಜಾಗದಲ್ಲಿ. ಕರಿಮಣಿಯಲ್ಲಿ ಮಣಿಗಳ ನಡುವಿನ ತಂತಿ. ಓಲೆಯ ತಿರುಪು ಎರಡು ಸುತ್ತಿಗೇ ಸಡಿಲಾಗುವುದಾದರೆ ಬದಲಾಯಿಸಬೇಕು. ಉಗುರುಬೆಚ್ಚಗಿನ ನೀರು, ಒಂದು ಚಿಟಿಕೆ ಸೀಗೆಪುಡಿ ಅಥವಾ ಮೃದುವಾದ ಸಾಬೂನು, ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು ಇಷ್ಟರಿಂದ ವರ್ಷದ ಬೆವರೂ ಸಾಬೂನಿನ ಜಿಡ್ಡೂ ಹೋಗುತ್ತವೆ. ಹವಳವನ್ನೂ ಅರಗು ತುಂಬಿದ ಗುಂಡನ್ನೂ ಬಿಸಿನೀರಿಗೆ ಹಾಕದೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಒಣಗಿದ ಮೇಲೆ ಒಂದೊಂದನ್ನೂ ಬೇರೆಬೇರೆ ಹತ್ತಿಬಟ್ಟೆಯಲ್ಲಿ ಸುತ್ತಿ, ಗುಡಿಗಾರರ ಕೈಯ ಗಂಧದ ಪೆಟ್ಟಿಗೆ ಮನೆಯಲ್ಲಿದ್ದರೆ ಅದರಲ್ಲಿ, ಇಲ್ಲದಿದ್ದರೆ ಯಾವುದಾದರೂ ಒಣ ಡಬ್ಬಿಯಲ್ಲಿ ಇಡಬಹುದು. ಬೀಗದ ಕೈ ಒಡತಿಯ ಬಳಿ.